ಸೀರಿಯಲ್ ಸೆಟ್ಟಿನಿಂದ ಪಿಕ್ಸೆಲ್‌ವರೆಗೆ: ನಲವತ್ತರ ಹೊಸ್ತಿಲಲ್ಲಿ ಒಂದು ದೀಪದ ಹುಚ್ಚು

ಗುಜರಾತಿನಲ್ಲಿ ದೀಪಾವಳಿಯ ಮರುದಿನ ಐದು ರೂಪಾಯಿಯ ಫ್ಯೂಸ್ ಬೇಕೆಂದರೂ ಸಿಗುವುದು ಕಷ್ಟ. ಇಲ್ಲಿರುವವರಿಗೆ ಇದು ಹಳೆಯ ಸುದ್ದಿ, ಬೆಂಗಳೂರು ಮುಂಬಯಿಗಳಲ್ಲಿ ಕೂತು ಓದುವವರಿಗಾಗಿ ಹೇಳುತ್ತಿದ್ದೇನೆ. ಚೋಪಡಾ ಪೂಜೆ ಮುಗಿಸಿ ಶಟರ್ ಎಳೆದ ವ್ಯಾಪಾರಿ ಮತ್ತೆ ಅಂಗಡಿ ತೆಗೆಯುವುದು ಲಾಭ ಪಂಚಮಿಗೆ. ಸೂರತ್ತಿನ ವಜ್ರದ ಕಾರ್ಖಾನೆಗಳಿಗಂತೂ ವಾರಗಟ್ಟಲೆ ರಜೆ. ಅಲ್ಲಿ ಕಲ್ಲು ಉಜ್ಜುವವರೆಲ್ಲ ಬಸ್ ಹತ್ತಿ ಸೌರಾಷ್ಟ್ರದ ಊರುಗಳಿಗೆ ಹೋಗಿಬಿಡುತ್ತಾರೆ. ಅಹಮದಾಬಾದಿನ ಅನುಕೂಲಸ್ಥರು ಬೆಸ್ತು ವರಸ್ ದಿನ ಬೆಳಿಗ್ಗೆ ಎಲ್ಲರಿಗೂ 'ಸಾಲ್ ಮುಬಾರಕ್' ಹೇಳಿ, ಸಂಜೆಗೆ ಆಬು, ದಿಯು, ಗೋವಾ ಕಡೆ ಗಾಡಿ ತಿರುಗಿಸುತ್ತಾರೆ. ಸೊಸೈಟಿಯ ಅರ್ಧ ಫ್ಲ್ಯಾಟುಗಳಿಗೆ ಬೀಗ. ಉಳಿಯುವುದು ವಾಚ್‌ಮನ್ ಕುಟುಂಬ, ಕೆಲವು ಹಿರಿಯರು, ಮತ್ತೆ ಊರಿನ ರೈಲಿಗೆ ಟಿಕೆಟ್ ಸಿಗದ ನಮ್ಮಂಥವರು.

ಆ ಖಾಲಿ ಸೊಸೈಟಿಯೇ ನನ್ನನ್ನು ಈ ಹವ್ಯಾಸಕ್ಕೆ ತಳ್ಳಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮೂವತ್ತೇಳನೇ ವಯಸ್ಸಿನಲ್ಲಿ ಜಿಮ್, ಸೈಕಲ್, ಮ್ಯಾರಥಾನ್ ಹಿಡಿದ ಸಹೋದ್ಯೋಗಿಗಳನ್ನು ನೋಡಿದ್ದೆ. ನಾನು ಹಿಡಿದದ್ದು ಸಾಲ್ಡರಿಂಗ್ ಐರನ್. ಬಾಲ್ಕನಿ, ಟೆರೇಸು, ಮೆಟ್ಟಿಲ ಕಮಾನುಗಳಿಗೆ ನೂರಾರು ಬಲ್ಬು ಕಟ್ಟಿ, ಹಾಡಿನ ತಾಳಕ್ಕೆ ಅವು ಕುಣಿಯುವಂತೆ ಕಂಪ್ಯೂಟರಿನಲ್ಲಿ ಜೋಡಿಸುವುದು. ವಡೋದರಾದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಸ್ನೇಹಿತರೊಬ್ಬರು, ಸೂರತ್ತಿನ ಬಟ್ಟೆ ಮಿಲ್ಲಿನಲ್ಲಿ ಇಂಜಿನಿಯರ್ ಆಗಿರುವ ಧಾರವಾಡದ ಇನ್ನೊಬ್ಬರು ಸೇರಿ ನಾವು ಮೂವರು. ಎಲ್ಲರೂ ನಲವತ್ತರ ಆಚೀಚೆ. ಮೂವರ ಹೆಂಡತಿಯರೂ ಇದಕ್ಕೆ 'ಹುಚ್ಚು' ಎಂಬ ಒಂದೇ ಪದ ಬಳಸುತ್ತಾರೆ.

ಇದರ ಬೀಜ ಮಾತ್ರ ಹಳೆಯದು. ಊರಿನಲ್ಲಿ ನಾವು 'ಸೀರಿಯಲ್ ಸೆಟ್' ಎನ್ನುತ್ತಿದ್ದುದನ್ನು ಇಲ್ಲಿ 'ಸೀರೀಸ್' ಎನ್ನುತ್ತಾರೆ. ಗುಜರಾತಿಗಳ ಮಾತೇ ಸರಿ, ಅವು ಸೀರೀಸ್‌ನಲ್ಲೇ ಇದ್ದವು. ಆರು ವೋಲ್ಟಿನ ಟಾರ್ಚ್ ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ನಲವತ್ತರಷ್ಟು ಪೋಣಿಸಿದರೆ ಮನೆಯ 230 ವೋಲ್ಟಿಗೆ ಲೆಕ್ಕ ಸರಿಹೋಗುತ್ತಿತ್ತು. ಒಂದು ಬಲ್ಬು ಸತ್ತರೆ ಇಡೀ ಸರ ಕತ್ತಲು. ನರಕ ಚತುರ್ದಶಿಯ ಹಿಂದಿನ ರಾತ್ರಿ ಅಪ್ಪಂದಿರು ಟೆಸ್ಟರ್ ಹಿಡಿದು ಸತ್ತ ಬಲ್ಬು ಹುಡುಕುತ್ತಿದ್ದ ದೃಶ್ಯ ನಮ್ಮ ತಲೆಮಾರಿನ ಎಷ್ಟು ಮನೆಗಳಲ್ಲಿ ಇರಲಿಲ್ಲ! ನೀಲಿ ಬಲ್ಬು ಬೇಕೆಂದರೆ ಗಾಜಿಗೆ ಬಣ್ಣ ಬಳಿಯಬೇಕಿತ್ತು. ನಿಜವಾದ ನೀಲಿ ಎಲ್‌ಇಡಿ ಕೈಗೆ ಸಿಕ್ಕದ್ದು ಜಪಾನಿನ ಅಕಸಾಕಿ, ಅಮಾನೊ, ನಕಾಮುರಾ ಅವರ ಕೆಲಸದಿಂದ. ಅದಕ್ಕೇ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಕೆಂಪು ಹಸಿರುಗಳ ಜೊತೆ ನೀಲಿ ಸೇರಿದ ಮೇಲೆ ಒಂದೇ ಬಲ್ಬಿನಿಂದ ಬೇಕಾದ ಬಣ್ಣ ಬಂತು.

ಮನೆ ಮುಂದೆ ದೀಪ ಕುಣಿಸುವ ಚಟ ಅಮೆರಿಕದ ಕ್ರಿಸ್ಮಸ್‌ನಿಂದ ಬಂದದ್ದು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ 80 ಬಣ್ಣದ ವಿದ್ಯುತ್ ಬಲ್ಬುಗಳ ಕ್ರಿಸ್ಮಸ್ ಮರ ನಿಲ್ಲಿಸಿದ್ದ. 2004ರಲ್ಲಿ ಒಹಾಯೊ ರಾಜ್ಯದ ಮೇಸನ್ ಊರಿನ ಇಂಜಿನಿಯರ್ ಕಾರ್ಸನ್ ವಿಲಿಯಮ್ಸ್ 16,000 ಬಲ್ಬುಗಳನ್ನು 88 ಚಾನೆಲ್‌ಗಳಲ್ಲಿ ಹಂಚಿ ರಾಕ್ ಸಂಗೀತಕ್ಕೆ ಕುಣಿಸಿದ. ಮರುವರ್ಷ ಆ ವಿಡಿಯೊ ಇಮೇಲ್‌ನಿಂದ ಇಮೇಲ್‌ಗೆ ಲೋಕವೆಲ್ಲ ಸುತ್ತಿತು. ನೋಡಲು ಬಂದ ಕಾರುಗಳ ಸಾಲು ಬೆಳೆದು ಕೊನೆಗೆ ಅವನು ಪ್ರದರ್ಶನ ನಿಲ್ಲಿಸಬೇಕಾಯಿತು ಎನ್ನುವುದು ಕತೆಯ ಉಳಿದ ಅರ್ಧ.

ಆಗ 88 ಚಾನೆಲ್ ಎಂದರೆ ದೊಡ್ಡದು. ಇವತ್ತು ಪ್ರತಿ ಬಲ್ಬೂ ಒಂದೊಂದು ವಿಳಾಸ. ಡಬ್ಲ್ಯುಎಸ್2811 ಎಂಬ ಪುಟ್ಟ ಚಿಪ್ ಪ್ರತಿ ಬಲ್ಬಿನ ಹೊಟ್ಟೆಯಲ್ಲಿ ಕೂತಿರುತ್ತದೆ. ಬಂದ ಸಂದೇಶದಲ್ಲಿ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಿನವರಿಗೆ ದಾಟಿಸುತ್ತದೆ. ಪಂಕ್ತಿಯಲ್ಲಿ ಕೂತವರು ಕೋಸಂಬರಿ ಬಟ್ಟಲನ್ನು ಮುಂದೆ ಮುಂದೆ ಸರಿಸುವಂತೆ ಅಂದುಕೊಳ್ಳಿ. ಒಂದು ಬಲ್ಬಿಗೆ ತಗಲುವ ಹೊತ್ತು ಸೆಕೆಂಡಿನ ಹತ್ತು ಲಕ್ಷದ 30 ಭಾಗ. ಹಾಗಾಗಿ ಸೆಕೆಂಡಿಗೆ 40 ಬಾರಿ ಚಿತ್ರ ಬದಲಾಗಬೇಕೆಂದರೆ ಒಂದು ತಂತಿಯಲ್ಲಿ 800ರಷ್ಟು ಬಲ್ಬು ಹಾಕಬಹುದು. ನಿಯಂತ್ರಣಕ್ಕೆ ಇಎಸ್‌ಪಿ32 ಬೋರ್ಡು, ಅದರೊಳಗೆ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ. ಹಾಡಿಗೆ ಜೋಡಿಸಲು ಎಕ್ಸ್‌ಲೈಟ್ಸ್, ಅದೂ ಉಚಿತ. ಬೋರ್ಡು, ತಂತಿ, ಪವರ್ ಸಪ್ಲೈಗಳಿಗೆ ಅಹಮದಾಬಾದಿನ ರಿಲೀಫ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ, ಇಲ್ಲದಿದ್ದರೆ ಆನ್‌ಲೈನ್. ಏನೇ ತರುವುದಿದ್ದರೂ ವಾಘ್ ಬಾರಸ್‌ಗೆ ಮುಂಚೆ ತಂದಿಡಬೇಕು. ಬಿಡಿಭಾಗಗಳು ಎರಡೆರಡು.

ಐಟಿಯವರಿಗೆ ಇದರಲ್ಲಿ ಕಷ್ಟವಾಗುವುದು ಪ್ರೋಗ್ರಾಮಿಂಗ್ ಅಲ್ಲ, ಕರೆಂಟು. ಐದು ವೋಲ್ಟಿನ ಒಂದು ಪಿಕ್ಸೆಲ್ ಪೂರ್ತಿ ಬಿಳಿಯಾಗಿ ಉರಿದರೆ 60 ಮಿಲಿ ಆಂಪಿಯರ್ ಎಳೆಯುತ್ತದೆ. ಐನೂರಕ್ಕೆ 30 ಆಂಪಿಯರ್. ವೋಲ್ಟು ಐದೇ ತಾನೇ, ಶಾಕ್ ಹೊಡೆಯುವುದಿಲ್ಲ ಎಂದು ಸಣ್ಣ ತಂತಿ ಹಾಕಿದರೆ ತಂತಿಯೇ ಕಾಯುತ್ತದೆ. ಸರದ ಕೊನೆಯ ಬಲ್ಬುಗಳು ಬಿಳಿ ಬಿಟ್ಟು ಕೆಂಪು ತಿರುಗಿದರೆ ಅಲ್ಲಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ, ಮೊದಲು ಸೊರಗುವುದು ನೀಲಿ. ನಡುವೆ ಅಲ್ಲಲ್ಲಿ ಬೇರೆ ತಂತಿಯಿಂದ ಕರೆಂಟು ಕೊಡಬೇಕು, ಪ್ರತಿ ಕವಲಿಗೂ ಫ್ಯೂಸ್ ಇರಬೇಕು. ಹೊಳಪನ್ನು ಶೇಕಡಾ 30ಕ್ಕೆ ಇಳಿಸಿದರೂ ಕಣ್ಣಿಗೆ ಧಾರಾಳ. ಆಗ 500 ಬಲ್ಬು 45 ವ್ಯಾಟ್ ಆಸುಪಾಸು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ದಿನ ಉರಿದರೂ ಮೂರು ಯೂನಿಟ್ ದಾಟುವುದಿಲ್ಲ. ಬಿಲ್ಲಿನ ಭಯ ಹೇಳಿ ಮನೆಯಲ್ಲಿ ಯಾರಾದರೂ ತಡೆದರೆ ಈ ಲೆಕ್ಕ ತೋರಿಸಿ.

ಬೆಂಕಿಯ ಭಯ ಹೇಳಿದರೆ ಮಾತ್ರ ವಾದಿಸಬೇಡಿ. ಸೂರತ್ತಿನ ಸ್ನೇಹಿತರು ಮೆಟ್ಟಿಲು, ಲಿಫ್ಟಿನ ಬಾಗಿಲು, ಕಾರಿಡಾರುಗಳಲ್ಲಿ ಒಂದು ಮೊಳ ತಂತಿಯನ್ನೂ ಎಳೆಯುವುದಿಲ್ಲ. 2019ರ ಮೇ 24ರಂದು ಅದೇ ಊರಿನ ಸರ್ಥಾಣದ ತಕ್ಷಶಿಲಾ ಕಟ್ಟಡದಲ್ಲಿ ಹತ್ತಿದ ಬೆಂಕಿಗೆ ಮೇಲಿನ ಕೋಚಿಂಗ್ ತರಗತಿಯಲ್ಲಿದ್ದ 22 ಮಂದಿ ಸತ್ತರು. ಇಳಿಯುವ ದಾರಿ ಬೆಂಕಿಗೆ ಸಿಕ್ಕಿ ಮಕ್ಕಳು ಕಿಟಕಿಯಿಂದ ಹಾರಿದ ದೃಶ್ಯವನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆ ಊರಿನಲ್ಲಿ ವಾಸವಿದ್ದು, ಹಬ್ಬದ ಅಲಂಕಾರಕ್ಕೆಂದು ಮೆಟ್ಟಿಲ ಕಂಬಿಗೆ ಪ್ಲಾಸ್ಟಿಕ್ ತಂತಿ ಸುತ್ತಲು ಕೈ ಬರುವುದಿಲ್ಲ ಎನ್ನುತ್ತಾರೆ ಅವರು. ಅವರ ಸೊಸೈಟಿಯ ಕಮಿಟಿ ಮೊದಲು ಒಪ್ಪಿರಲಿಲ್ಲ. ಮುಚ್ಚಿದ ಡಬ್ಬಿಯೊಳಗೆ ಪವರ್ ಸಪ್ಲೈ, 30 ಮಿಲಿ ಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ, ಯಾರು ಬೇಕಾದರೂ ಆರಿಸಬಹುದಾದ ಕೆಂಪು ಸ್ವಿಚ್ಚು, ಇಷ್ಟನ್ನು ತೋರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ನನ್ನ ಮಟ್ಟಿಗೆ ಕಮಿಟಿ ಮೊದಲು ಬೇಡ ಎಂದದ್ದೇ ಸರಿ. ಇಂಥ ಪ್ರಶ್ನೆ ಕೇಳದ ಕಮಿಟಿಗಳ ಬಗ್ಗೆ ನನಗೆ ಹೆಚ್ಚು ಹೆದರಿಕೆ.

ವಡೋದರಾದ ಕತೆ ಬೇರೆ. ಗಾಯಕವಾಡರ ಊರಾದ್ದರಿಂದ ಅಲ್ಲಿ ಮರಾಠಿ ಮನೆಗಳು ಬಹಳ, ದೀಪಾವಳಿಗೆ ಬಾಲ್ಕನಿಗಳಲ್ಲಿ ಆಕಾಶಕಂದೀಲು ತೂಗುತ್ತವೆ. ಉತ್ತರ ಕರ್ನಾಟಕದವರಿಗೆ ಅದು ಆಕಾಶಬುಟ್ಟಿ, ಕರಾವಳಿಯವರಿಗೆ ಗೂಡುದೀಪ. ನಮ್ಮ ಹೋಟೆಲ್ ಸ್ನೇಹಿತರು ಚಿಕ್ಕಂದಿನಲ್ಲಿ ಬಿದಿರು ಸೀಳಿ, ಮೈದಾ ಅಂಟು ಕುದಿಸಿ, ಬಣ್ಣದ ಕಾಗದದಲ್ಲಿ ಗೂಡುದೀಪ ಕಟ್ಟಿದವರು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಅಂಗಳದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯ ವಿಡಿಯೊಗಳನ್ನು ನೋಡುತ್ತ ನೋಡುತ್ತ ನಲವತ್ತೈದಕ್ಕೆ ಮತ್ತೆ ಬಿದಿರು ಹಿಡಿದರು. ಒಳಗೆ ಮಾತ್ರ ಈಗ ಪಿಕ್ಸೆಲ್. ಸಂಗೀತವಿಲ್ಲ, ಮಿಣುಕುವುದೂ ಇಲ್ಲ. ಸಂಜೆ ಆರರಿಂದ ಹತ್ತರವರೆಗೆ ಬಣ್ಣ ಬಹಳ ನಿಧಾನವಾಗಿ ಕೆಂಪಿನಿಂದ ಹಳದಿಗೆ ಬರುತ್ತದೆ, ಅಷ್ಟೇ. ಮೂವರಲ್ಲಿ ಒಳ್ಳೆಯ ಕೆಲಸ ಅವರದೇ ಎಂದು ಒಪ್ಪಿಕೊಳ್ಳಲು ನನಗೇನೂ ಬೇಸರವಿಲ್ಲ.

ನನ್ನ ಟೆರೇಸಿನ ಮುಖ್ಯ ವಸ್ತು ಗರಬೋ. ನವರಾತ್ರಿಯಲ್ಲಿ ಇಲ್ಲಿನ ಮನೆಗಳಲ್ಲಿ ಇಡುವ ತೂತು ತೂತಿನ ಮಣ್ಣಿನ ಮಡಕೆ ನೋಡಿದ್ದೀರಿ ತಾನೇ? ಒಳಗೊಂದು ದೀಪ, ಸುತ್ತ ಬೆಳಕಿನ ಚುಕ್ಕೆಗಳು. ಹೆಸರಿನಲ್ಲೇ 'ಗರ್ಭ' ಇದೆ. 2023ರ ಡಿಸೆಂಬರಿನಲ್ಲಿ ಗರ್ಬಾ ನೃತ್ಯವನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ನನಗೆ ಅದಕ್ಕಿಂತ ಆ ಮಡಕೆಯ ತೂತುಗಳೇ ಆಸಕ್ತಿ. ಜನ ನೂರಾರು ವರ್ಷಗಳಿಂದ ಕೈಯಲ್ಲಿ ಮಾಡುತ್ತಿರುವ ಪಿಕ್ಸೆಲ್ ಅದು. ತಂತಿ ಬಗ್ಗಿಸಿ ಆಳೆತ್ತರದ ಮಡಕೆ ಮಾಡಿ, ಉಂಗುರ ಉಂಗುರವಾಗಿ 300 ಬಲ್ಬು ಕಟ್ಟಿದೆ. ಗರ್ಬಾದ ಹೆಜ್ಜೆ ಸುತ್ತುವ ಹಾಗೇ ಬೆಳಕೂ ಸುತ್ತಬೇಕು. ಮೂರು ನಿಮಿಷದ ಹಾಡಿಗೆ ಐದು ವಾರಾಂತ್ಯ ಹಿಡಿಯಿತು. ಸ್ಪೀಕರ್ ಹತ್ತಕ್ಕೆ ಬಂದ್, ಬೆಳಕೂ ಹತ್ತಕ್ಕೇ ಬಂದ್. ಎದುರು ಬ್ಲಾಕಿನವರ ಬೆಡ್‌ರೂಮಿನ ಪರದೆ ಮೇಲೆ ನಮ್ಮ ಕಲೆ ಕುಣಿಯಬೇಕಾಗಿಲ್ಲ.

ಕಷ್ಟ ಕೊಟ್ಟದ್ದು ಕನ್ನಡ. 16 ಸಾಲು, 16 ಕಂಬದ ಬಲ್ಬಿನ ಚೌಕದಲ್ಲಿ ಗುಜರಾತಿ ಅಕ್ಷರ ಸಲೀಸಾಗಿ ಕೂರುತ್ತದೆ. ದೇವನಾಗರಿಯಂತೆ ಮೇಲೆ ಗೆರೆಯೂ ಇಲ್ಲ. ನಮ್ಮದು ದುಂಡು, ಮೇಲೆ ತಲೆಕಟ್ಟು, ಕೆಳಗೆ ಒತ್ತು. 'ದೀಪಾವಳಿ' ಹೇಗೋ ಬಂತು. 'ಕನ್ನಡ' ಎಂದು ಬರೆಯಲು ಹೋದರೆ ನಕ್ಕೆ ನ ಒತ್ತು ಕೆಳಗೆ ಮುದ್ದೆಯಾಗುತ್ತದೆ, 'ರಾಜ್ಯೋತ್ಸವ'ವಂತೂ ಕೇಳಲೇಬೇಡಿ. ಹತ್ತು ವರ್ಷದ ಮಗಳು ಚೌಕದ ಗಣಿತ ಪುಸ್ತಕ ತಂದು ಪಕ್ಕ ಕೂತಳು. ಇಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಗುಜರಾತಿ ಕಡ್ಡಾಯ. ಅವಳು ಗುಜರಾತಿ ಓದುತ್ತಾಳೆ, ಹಿಂದಿ ಇಂಗ್ಲಿಷ್ ಓದುತ್ತಾಳೆ, ಕನ್ನಡ ಮಾತಾಡುತ್ತಾಳೆ ಅಷ್ಟೇ. ಯಾವ ಚೌಕ ತುಂಬಿಸಬೇಕು, ಯಾವುದು ಬಿಡಬೇಕು ಎಂದು ಜಗಳವಾಡುತ್ತ ನಾಲ್ಕು ಸಂಜೆ ಕಳೆದವು. "ಅಪ್ಪಾ, ಈ ಒತ್ತು ಯಾಕೆ ಬೇಕು, ಪಕ್ಕದಲ್ಲೇ ಇನ್ನೊಂದು ನ ಬರೆದರೆ ಆಗಲ್ವಾ?" ಎಂದು ಕೇಳಿದಳು. ಉತ್ತರ ಹೇಳಲು ತಡವರಿಸಿದೆ. ಕೊನೆಗೆ ಒತ್ತಿಗೆಂದೇ ಕೆಳಗೆ ಐದು ಸಾಲು ಬಿಟ್ಟು ಅವಳೇ ಅಕ್ಷರ ಕೂರಿಸಿದಳು. ವರ್ಷಗಟ್ಟಲೆ ಕೊಂಡು ತಂದ ಅಕ್ಷರಮಾಲೆ ಪುಸ್ತಕಗಳು ಮಾಡದ ಕೆಲಸ ಇದು, ಹನ್ನೊಂದು ಅಕ್ಷರ ಖಾಯಂ ಆದವು.

2024ರಲ್ಲಿ ಇದಕ್ಕೊಂದು ಅವಕಾಶ ತಾನಾಗಿ ಬಂತು. ಆ ವರ್ಷ ಅಮಾವಾಸ್ಯೆ ಎರಡು ದಿನಕ್ಕೆ ಹರಡಿ, ದೀಪಾವಳಿ ಅಕ್ಟೋಬರ್ 31ಕ್ಕೆ, ಗುಜರಾತಿ ಹೊಸವರ್ಷ ನವೆಂಬರ್ 2ಕ್ಕೆ. ನಮ್ಮ ಬಲಿಪಾಡ್ಯಮಿಯೂ ಅಂದೇ. ನಡುವಿನ ಖಾಲಿ ದಿನಕ್ಕೆ ಇಲ್ಲಿನವರು 'ಧೋಕೋ' ಎನ್ನುತ್ತಾರೆ. ಹಳೆಯ ವರ್ಷ ಮುಗಿದಿದೆ, ಹೊಸದು ಹುಟ್ಟಿಲ್ಲ, ಯಾರ ಕಾರ್ಯಕ್ರಮವೂ ಇಲ್ಲ. ಆ ಧೋಕೋ ದಿನವೇ ನವೆಂಬರ್ 1! ಟೆರೇಸು ಪೂರ್ತಿ ಹಳದಿ ಕೆಂಪು ಮಾಡಿ, ಮೊದಲು ಗುಜರಾತಿಯಲ್ಲಿ 'ಸಾಲ್ ಮುಬಾರಕ್', ಆಮೇಲೆ ಕನ್ನಡದಲ್ಲಿ ರಾಜ್ಯೋತ್ಸವದ ಶುಭಾಶಯ ಓಡಿಸಿದೆವು. ಕೆಳಗೆ ನಿಂತವರು ಇಪ್ಪತ್ತು ಜನ ಇರಬಹುದು. ಪಕ್ಕದ ಮನೆಯ ಬೆನ್ ಒಬ್ಬರು ಮಗಳನ್ನು ಕರೆದು ಇದೇನು ಬರೆದಿದೆ ಎಂದು ಕೇಳಿದರು, ಅವಳು ಬೆರಳಿಟ್ಟು ಓದಿ ಹೇಳಿದಳು. ವಾಚ್‌ಮನ್ ಮಗ ಮಾತ್ರ ಅಕ್ಷರಕ್ಕೆ ಕಾಯುವವನಲ್ಲ, ಅವನಿಗೆ ಗರಬೋ ಬೇಕು. "ಕಾಕಾ, ಆಜೇ ಕ್ಯಾರೇ ಚಾಲು?" ಎಂದು ಸಂಜೆ ಐದಕ್ಕೇ ಬಾಗಿಲು ಬಡಿಯುತ್ತಾನೆ. ಇಪ್ಪತ್ತು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ, ಅದು ಯಾವಾಗ ಚಾಲು ಎಂದು ಈ ಹಿಗ್ಗಿನಲ್ಲಿ ಯಾವ ಕ್ಲೈಂಟೂ ಕೇಳಿಲ್ಲ.

ಹವ್ಯಾಸದ ಬೆಲೆ ಹಣದಲ್ಲಿ ಕಡಿಮೆ, ಹೊತ್ತಿನಲ್ಲಿ ಜಾಸ್ತಿ. ಹಬ್ಬದ ದಿನ ಗಂಡ ಟೆರೇಸಿನ ಮೇಲೆ ತಂತಿ ಹಿಡಿದು ಕೂತರೆ ಹೋಳಿಗೆ ಲಟ್ಟಿಸುವವರು ಯಾರು? ಧನತೇರಸ್ ದಿನ ಸಂಜೆಯ ನಂತರ ಏಣಿ ಹತ್ತುವಂತಿಲ್ಲ ಎಂಬುದು ನಮ್ಮ ಮನೆಯ ಒಪ್ಪಂದ. ಕೆಟ್ಟದ್ದು ಕೆಟ್ಟ ಹಾಗೇ ಇರಲಿ. ಶಿವಮೊಗ್ಗದಿಂದ ಅಮ್ಮನದು ಬೇರೆ ಷರತ್ತು. ವಿಡಿಯೊ ಕಾಲಿನಲ್ಲಿ ಎಲ್ಲ ನೋಡಿ, "ಚೆನ್ನಾಗಿದೆ ಕಣೋ, ಹೊಸ್ತಿಲಿಗೆ ಎರಡು ಎಣ್ಣೆ ದೀಪ ಇಟ್ಯಾ?" ಎನ್ನುತ್ತಾಳೆ. ಇಟ್ಟಿರುತ್ತೇವೆ. ಅದರ ಮುಂದೆ ಬಲ್ಬು ಕಟ್ಟುವುದಿಲ್ಲ.

ದೇವ ದಿವಾಳಿ ಆದ ಮೇಲೆ ಎಲ್ಲ ಇಳಿಸಿ, ಸರಗಳನ್ನು ಹಳೆಯ ಕಾರ್ಡ್‌ಬೋರ್ಡಿಗೆ ಸುತ್ತಿ, ಚೀಟಿ ಅಂಟಿಸಿ ಮಂಚದ ಕೆಳಗೆ. ಎರಡು ತಿಂಗಳೊಳಗೆ ಉತ್ತರಾಯಣ. ಹಳೆ ಅಹಮದಾಬಾದಿನ ಪೋಳ್‌ಗಳಲ್ಲಿ ಜನವರಿ 14ರ ರಾತ್ರಿ ಬಿಳಿ ಗಾಳಿಪಟದ ದಾರಕ್ಕೆ ಕಾಗದದ ತುಕ್ಕಲ್ ಕಟ್ಟಿ, ಒಳಗೆ ಮೇಣದಬತ್ತಿ ಹಚ್ಚಿ ಏರಿಸುತ್ತಿದ್ದರು. ಆಕಾಶದಲ್ಲಿ ದೀಪದ ಸಾಲು ತೂಗಾಡುತ್ತಿತ್ತು. ಬೆಂಕಿ ಹೊತ್ತು ತಾನಾಗಿ ಹಾರಿಹೋಗುವ ಚೀನಾ ತುಕ್ಕಲ್‌ಗೆ ಪೊಲೀಸರ ನಿಷೇಧವಿದೆ, ಅದು ಬೇಕಾದದ್ದೇ. ದಾರಕ್ಕೆ ಕಟ್ಟುವ ಹಳೆಯ ಬಗೆಯನ್ನು ಎಲ್‌ಇಡಿಯಲ್ಲಿ ಮಾಡಲು ವಡೋದರಾದ ಸ್ನೇಹಿತರು ಬಿದಿರು ಸೀಳುತ್ತಿದ್ದಾರೆ. ಬ್ಯಾಟರಿಯೂ ಸೇರಿ ಒಂದೊಂದು ತುಕ್ಕಲ್ ಎಷ್ಟು ಗ್ರಾಂ ಇದ್ದರೆ ಗಾಳಿಪಟ ಹೊರುತ್ತದೆ ಎಂಬ ಲೆಕ್ಕ ನನ್ನ ಪಾಲಿಗೆ ಬಂದಿದೆ. ಅಡುಗೆಮನೆಯ ತಕ್ಕಡಿ ಸದ್ಯ ನನ್ನ ಮೇಜಿನ ಮೇಲಿದೆ.