ಒಂಬತ್ತನೆಯ ಇಯತ್ತೆಯ ಅಳಲು

ಕಳೆದ ಬೇಸಿಗೆಯ ಮಾತು. ಒಂಬತ್ತನೆಯ ಇಯತ್ತೆಯ ಪರೀಕ್ಷೆ ಮುಗಿಸಿದ ನಮ್ಮ ಮಗಳು ಎರಡು ದಿನ ಊಟ ಸೇರದೆ ಕಿಟಕಿಯ ಬಳಿಯಲ್ಲಿಯೇ ಕುಳಿತಳು. ಕಾರಣವು ಅವಳ ತಾಯಿಯಿಂದ ತಿಳಿಯಿತು. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬನ ತಂದೆಗೆ ವರ್ಗವಾಗಿ, ಆ ಕುಟುಂಬವು ತಳೇಗಾಂವ ಬಿಟ್ಟು ಹೋಗಿತ್ತು. “ಇಷ್ಟೇನೆ?” ಎಂದು ನಾನು ನಕ್ಕುಬಿಟ್ಟೆ. ಮಗಳು ನಗಲಿಲ್ಲ, ಎದ್ದು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ನಾನೇ ಆಗಿದ್ದೆ!

ಕೆಲವು ದಿನಗಳ ಮೇಲೆ ಅವಳ ಮೇಜಿನ ಮೇಲೆ ಒಂದು ಮರಾಠಿ ಕಾದಂಬರಿ ಕಂಡಿತು. ಹೆಸರು ‘ಶಾಳಾ’, ಎಂದರೆ ಶಾಲೆ. ಬರೆದವರು ಮಿಲಿಂದ ಬೋಕೀಲ, ಪ್ರಕಟವಾದುದು 2004ರಲ್ಲಿ. ಮರಾಠಿ ಮಾತನಾಡುವಷ್ಟು ಸರಾಗವಾಗಿ ಓದುವದು ನನಗೆ ಬಾರದು. ಆದರೂ ದಿನಕ್ಕೆ ಹತ್ತಿಪ್ಪತ್ತು ಪುಟದಂತೆ ಓದಿ ಮುಗಿಸಿದೆ.

ಕಥೆ ದೊಡ್ಡದೇನಲ್ಲ. ಕಾಲ ತುರ್ತು ಪರಿಸ್ಥಿತಿಯದು, 1975ರ ಆಸುಪಾಸು. ಒಂಬತ್ತನೆಯ ಇಯತ್ತೆಯ ಮುಕುಂದ ಜೋಶಿ ತಾನೇ ತನ್ನ ಕಥೆಯನ್ನು ಹೇಳುತ್ತಾನೆ. ತರಗತಿಯ ಶಿರೋಡಕರ ಎಂಬ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಅವಳು ತಿರುಗಿ ನೋಡಿದರೆ ಅಂದು ಹಬ್ಬ, ನೋಡದಿದ್ದರೆ ಉಪವಾಸ. ಗೆಳೆಯರ ಕುಚೋದ್ಯ, ಮಾಸ್ತರರ ಭಯ, ಮನೆಯವರ ಕಣ್ಣು ಇವೆಲ್ಲದರ ನಡುವೆ ಬೆಳೆದ ಆ ಎಳೆಯ ಪ್ರೀತಿಗೆ ಫಲವಿಲ್ಲ. ಕೊನೆಗೆ ಆ ಹುಡುಗಿಯ ಮನೆಯವರು ಊರನ್ನೇ ಬಿಟ್ಟು ಹೋಗುತ್ತಾರೆ. ಗೆಳೆಯರ ಗುಂಪೂ ಚದುರುತ್ತದೆ. ಹುಡುಗನ ಮುಂದೆ ಉಳಿಯುವದು ಹತ್ತನೆಯ ಇಯತ್ತೆ. ಯಾರೂ ಸಾಯುವದಿಲ್ಲ, ಯಾರೂ ಕೆಡುವದಿಲ್ಲ. ಆದರೆ ಹುಡುಗ ಮೊದಲಿನವನಾಗಿ ಉಳಿದಿಲ್ಲವೆಂದು ಓದುವವರಿಗೆ ತಿಳಿಯುತ್ತದೆ.

ಈ ಕಾದಂಬರಿಯಲ್ಲಿ ನನಗೆ ಮೆಚ್ಚಿಗೆಯಾದುದು ಒಂದೇ ಮಾತು. ಲೇಖಕರು ಆ ಹುಡುಗನನ್ನು ಕಂಡು ಎಲ್ಲಿಯೂ ನಗುವದಿಲ್ಲ; ಬುದ್ಧಿಯನ್ನೂ ಹೇಳುವದಿಲ್ಲ. ಹದಿನಾಲ್ಕರ ದುಃಖವನ್ನು ದುಃಖವೆಂದೇ ಮನ್ನಿಸುತ್ತಾರೆ.

ಆ ವಯಸ್ಸಿನ ಅನುಭವ ಹುಡುಗಾಟವಲ್ಲವೆಂಬುದಕ್ಕೆ ನಮ್ಮ ಊರಿನಲ್ಲಿಯೇ ಸಾಕ್ಷಿಯುಂಟು. ತಳೇಗಾಂವದಲ್ಲಿ ಬಹುಕಾಲ ನೆಲೆಸಿದ್ದ ಮರಾಠಿ ಸಾಹಿತಿ ಗೋ. ನೀ. ದಾಂಡೇಕರರು (1916-1998) ಹದಿಮೂರನೆಯ ವಯಸ್ಸಿನಲ್ಲಿ ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಮನೆ ಬಿಟ್ಟು ಹೊರಟವರು. ಅಂದು ಹಿರಿಯರು ಅದನ್ನು ಹುಡುಗುಬುದ್ಧಿ ಎಂದಿದ್ದರೆ ಆಶ್ಚರ್ಯವಿಲ್ಲ. ಆ ಅಲೆದಾಟದ ನೆನಪುಗಳಿಂದಲೇ ಹುಟ್ಟಿದ ‘ಸ್ಮರಣಗಾಥಾ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಳೆತನದಲ್ಲಿ ಮನಸ್ಸಿಗೆ ಬಿದ್ದ ಗೆರೆ ಮುಪ್ಪಿನವರೆಗೂ ಅಳಿಯುವದಿಲ್ಲ.

ಪರಸ್ಥಳದಲ್ಲಿರುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ವರ್ಗದ ಆದೇಶ ಬಂದೊಡನೆ ನಾವು ಪಾತ್ರೆಗಳನ್ನು ಎಣಿಸುತ್ತೇವೆ, ಶಾಲೆಯ ದಾಖಲೆ ಪಡೆಯುತ್ತೇವೆ, ಬಾಡಿಗೆಯ ಮುಂಗಡ ಕೇಳಿ ತೆಗೆದುಕೊಳ್ಳುತ್ತೇವೆ. ಧಾರವಾಡದಿಂದ ಇಲ್ಲಿಗೆ ಬರುವಾಗ ನಾನು ಮಾಡಿದ್ದೂ ಇಷ್ಟೇ. ಮಗು ಬಿಟ್ಟು ಬರುವ ಸೊತ್ತು ಮಾತ್ರ ಯಾವ ಯಾದಿಯಲ್ಲಿಯೂ ಸೇರುವದಿಲ್ಲ. “ಅಲ್ಲಿ ಬೇರೆ ಗೆಳೆಯರು ಸಿಗುತ್ತಾರೆ” ಎಂದು ಸಮಾಧಾನ ಹೇಳುತ್ತೇವೆ. ನಮ್ಮ ಊರನ್ನು ಬಿಟ್ಟ ನಮಗೆ ಬೇರೆ ಊರು ಸಿಕ್ಕಿತಲ್ಲ. ಹಳೆಯ ಊರಿನ ಹಂಬಲ ಹೋಯಿತೇ?

ಪುಸ್ತಕವನ್ನು ಮರಳಿ ಕೊಡುವಾಗ ಮಗಳಿಗೆ, “ಅಂದು ನಾನು ನಗಬಾರದಿತ್ತು,” ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, “ನಿಮಗೆ ಕೊನೆಯ ಪುಟ ತಿಳಿಯಿತೇ?” ಎಂದು ಕೇಳಿದಳು. ಆ ಸಂಜೆ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ಹುಡುಗನ ವಿಚಾರ ಬಂದುದು ಸ್ವಲ್ಪವೇ. ಧಾರವಾಡದಲ್ಲಿ ಅವಳು ಬಿಟ್ಟು ಬಂದ ಗೆಳತಿಯ ವಿಚಾರವೇ ಹೆಚ್ಚು. ಆರು ವರ್ಷಗಳಾದರೂ ನನಗೆ ಅದು ತಿಳಿದಿರಲಿಲ್ಲ.

ಮರಾಠಿ ಓದಬಲ್ಲ ತಂದೆತಾಯಿಗಳು ‘ಶಾಳಾ’ವನ್ನು ಮಕ್ಕಳೊಡನೆ ಓದಬೇಕು. ಓದು ಕಷ್ಟವೆನಿಸಿದವರಿಗೆ ಇದೇ ಹೆಸರಿನ ಚಲನಚಿತ್ರವೂ ಇದೆ. 2011ನೆಯ ಸಾಲಿನ ಅತ್ಯುತ್ತಮ ಮರಾಠಿ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆತಿದೆ. ಓದಿದ ಮೇಲೆ ಉಪದೇಶ ಬೇಡ. ಮಕ್ಕಳು ಮಾತನಾಡುವಾಗ ನಗದೆ ಕೇಳಿದರೆ ಸಾಕು.