ತಾಯಿ ಮನೆಯಲ್ಲಿಲ್ಲದ ಹೊತ್ತಿನ ಹಾಲು

ಪ್ರಸೂತಿ ರಜೆ ಮುಗಿಯಲು ಹದಿನೈದು ದಿನಗಳಷ್ಟೇ ಉಳಿದಿರುವಾಗ ಅನೇಕ ತರುಣ ತಾಯಂದಿರು ವೈದ್ಯರಲ್ಲಿಗೆ ಒಂದೇ ಅಳಲನ್ನು ಹೊತ್ತು ಬರುತ್ತಾರೆ. ಎದೆಹಾಲನ್ನೇ ಕುಡಿದು ದುಂಡಗೆ ಬೆಳೆದ ಮಗು ಬಾಟಲಿಯನ್ನು ತುಟಿಗೆ ಸೋಕಿಸಲೂ ಬಿಡುವುದಿಲ್ಲ; ಮುಖ ತಿರುಗಿಸುತ್ತದೆ, ಬೆನ್ನು ಸೆಟೆಸಿ ಅಳುತ್ತದೆ. ಊರಿನಲ್ಲಾದರೆ ಹುಟ್ಟಿದಂದಿನಿಂದ ಹತ್ತು ಕೈಗಳ ಪರಿಚಯ ಮಗುವಿಗೆ ಇರುತ್ತಿತ್ತು. ಇಲ್ಲಿ ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಊರಿನಿಂದ ಮೊನ್ನೆ ಬಂದಿಳಿದ ಅಜ್ಜಿಯ ಕೈಗೆ ಮಗುವನ್ನು ಒಪ್ಪಿಸಬೇಕು. ತಾಯಿ ಬೆಳಗಿನ ಎಂಟು ಗಂಟೆಯ ಲೋಕಲ್ ಹಿಡಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಆ ಹನ್ನೊಂದು ಗಂಟೆಗಳ ಚಿಂತೆ ಸಾಮಾನ್ಯವಾದುದಲ್ಲ.

ರಜೆಯ ಲೆಕ್ಕವನ್ನು ಸ್ವಲ್ಪ ನೋಡೋಣ. 1961ರ ಪ್ರಸೂತಿ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಇದರಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮುಂಚೆಯೇ ಬಳಸಿಕೊಂಡ ತಾಯಿಗೆ ಉಳಿಯುವುದು 18 ವಾರಗಳು. ಅಂದರೆ ಮಗುವಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಆಕೆ ಕಚೇರಿಯ ಮೆಟ್ಟಿಲೇರಬೇಕು. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡುವಿನ ಎರಡು ತಿಂಗಳುಗಳನ್ನು ದಾಟಿಸಬೇಕಾದುದು ಹಿಂಡಿಟ್ಟ ಹಾಲು ಮತ್ತು ಅದನ್ನು ಕುಡಿಸುವವರ ಸಹನೆ.

ದುರದೃಷ್ಟವಶಾತ್ ಮಗು ಹಟ ಹಿಡಿಯುವ ವಯಸ್ಸೂ ಅದೇ. ನವಜಾತ ಶಿಶುವಿಗೆ ಚೀಪುವುದು ಒಂದು ಪ್ರತಿವರ್ತನ. ಬಾಯೊಳಗೆ ಏನು ಬಂದರೂ ಚೀಪುತ್ತದೆ. ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ಅದು ಮಗುವಿನ ಇಚ್ಛೆಗೆ ಒಳಪಡುತ್ತದೆ. ಬೇಕೆನಿಸಿದರೆ ಚೀಪುವುದು, ಬೇಡವೆನಿಸಿದರೆ ಉಗುಳುವುದು. ಮೇಲಾಗಿ ಎದೆ ಬೇರೆ, ಬಾಟಲಿ ಬೇರೆ. ಎದೆಯಲ್ಲಿ ಮೊದಲು ತುಸು ಹೊತ್ತು ಚೀಪಿದ ಮೇಲೆ ಹಾಲು ಇಳಿಯುತ್ತದೆ, ಆಮೇಲೆ ರಭಸವಾಗಿ ಹರಿಯುತ್ತದೆ, ಮತ್ತೆ ನಿಧಾನವಾಗುತ್ತದೆ. ತಲೆಕೆಳಗಾಗಿ ಹಿಡಿದ ಬಾಟಲಿಯಿಂದ ಒಂದೇ ಸಮನೆ ಹಾಲು ಸುರಿಯುತ್ತದೆ. ಇದನ್ನು ಕಂಡು ಬೆದರುವ ಮಗುವನ್ನು ಹಟಮಾರಿಯೆಂದು ಜರೆಯುವುದು ಅನ್ಯಾಯ.

ಆದುದರಿಂದ ಅಭ್ಯಾಸವನ್ನು ರಜೆಯ ಕೊನೆಯ ವಾರಕ್ಕೆ ಮುಂದೂಡಬಾರದು. ಎದೆಹಾಲಿನ ಕ್ರಮ ಚೆನ್ನಾಗಿ ನೆಲೆನಿಂತ ಮೇಲೆ, ಎಂದರೆ ಒಂದು ತಿಂಗಳು ಕಳೆದ ಬಳಿಕ, ಆಗಾಗ ಒಂದಿಷ್ಟು ಹಿಂಡಿದ ಹಾಲನ್ನು ಬೇರೆಯವರ ಕೈಯಿಂದ ಕುಡಿಸುತ್ತಿದ್ದರೆ ಮಗು ಮರೆಯುವುದಿಲ್ಲ. ತಡವಾಗಿದ್ದರೂ ಕೆಟ್ಟಿಲ್ಲ, ಹೆಚ್ಚು ದಿನ ಹಿಡಿಯುತ್ತದೆ, ಅಷ್ಟೇ.

ಕುಡಿಸುವವರು ತಾಯಿಯಾಗಿರಬಾರದು. ತಾಯಿಯ ಮೈವಾಸನೆ ಮೂಗಿಗೆ ಬಡಿಯುತ್ತಿರುವಾಗ ರಬ್ಬರಿನ ನಿಪ್ಪಲನ್ನು ಯಾವ ಮಗು ಒಪ್ಪೀತು? ಮೊದಮೊದಲು ತಾಯಿ ಪಕ್ಕದ ಕೋಣೆಗಲ್ಲ, ಮನೆಯಿಂದ ಹೊರಗೇ ಹೋಗುವುದು ಮೇಲು. ಮಗು ಹಸಿದು ಕಿರುಚುವವರೆಗೆ ಕಾಯಬಾರದು. ಅರೆನಿದ್ದೆಯಿಂದ ಏಳುತ್ತಿರುವಾಗ, ಅಥವಾ ಆಟವಾಡಿ ಸಂತೋಷವಾಗಿರುವಾಗ ಪ್ರಯತ್ನಿಸಬೇಕು. ನಿಪ್ಪಲನ್ನು ಬಿಸಿನೀರಿನಲ್ಲಿ ತೊಯ್ಸಿ ಬೆಚ್ಚಗೆ ಮಾಡಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ತುಟಿಗೆ ಮೆಲ್ಲನೆ ತಾಗಿಸಿ, ಅದು ತಾನಾಗಿ ಬಾಯಿ ತೆರೆಯುವವರೆಗೆ ಕಾಯಬೇಕು. ಬಾಟಲಿಯನ್ನು ಅಡ್ಡವಾಗಿ ಹಿಡಿದರೆ ಹಾಲು ಸುರಿಯದು. ನಾಲ್ಕಾರು ಗುಟುಕಿಗೊಮ್ಮೆ ಬಾಟಲಿಯನ್ನು ತಗ್ಗಿಸಿ ಉಸಿರಾಡಲು ಬಿಡಬೇಕು. ಐದು ಹತ್ತು ನಿಮಿಷಗಳಲ್ಲಿ ಒಪ್ಪದಿದ್ದರೆ ಎತ್ತಿಟ್ಟು, ಮತ್ತೊಂದು ಹೊತ್ತಿಗೆ ನೋಡಬೇಕು. ಮೂಗು ಹಿಡಿದು, ಕೆನ್ನೆ ಒತ್ತಿ ಕುಡಿಸುವ ಕ್ರಮ ಕೆಲವು ಮನೆಗಳಲ್ಲಿ ಇನ್ನೂ ಉಂಟು; ಅದರಿಂದ ಮಗು ಬಾಟಲಿಯನ್ನು ಕಂಡರೇ ಅಳುವಂತಾಗುತ್ತದೆ. ಹಾಗೆಯೇ ನಿಪ್ಪಲಿಗೆ ಜೇನು ಸವರುವ ಚಾತುರ್ಯವೂ ಬೇಡ. ಒಂದು ವರ್ಷ ತುಂಬುವ ಮೊದಲು ಜೇನು ಅಪಾಯಕಾರಿ.

ಬಾಟಲಿಯೇ ಬೇಕೆಂದು ಯಾರು ಹೇಳಿದರು ಎಂಬ ಪ್ರಶ್ನೆಯೂ ಇದೆ. ಅದರ ನಿಪ್ಪಲಿನ ಸಂದುಗಳಲ್ಲಿ ಹಾಲಿನ ಜಿಡ್ಡು ಕುಳಿತು ಕ್ರಿಮಿಗಳು ಬೆಳೆಯುತ್ತವೆ. ಭೇದಿ ಬರಲು ಅಷ್ಟು ಸಾಕು. ನಮ್ಮ ದೇಶದಲ್ಲಿ 1992ರ ಕಾಯಿದೆಯೊಂದು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನೇ ನಿಷೇಧಿಸಿದೆ. ಮಕ್ಕಳ ವೈದ್ಯರು ಲೋಟ, ಚಮಚ ಅಥವಾ ಪಾಲಾಡೆಯನ್ನು ಸೂಚಿಸುತ್ತಾರೆ. ತಮಿಳಿನ ಆ ಪಾಲಾಡೆ ಬೇರೇನಲ್ಲ, ನಮ್ಮ ಒಳಲೆಯೇ.

ಕೆಲವು ವರ್ಷಗಳ ಹಿಂದೆ ಠಾಣೆಯಿಂದ ನನ್ನಲ್ಲಿಗೆ ಬಂದಿದ್ದ ಬ್ಯಾಂಕ್ ಉದ್ಯೋಗಿಯೊಬ್ಬಳ ಸಂಗತಿ ಇಲ್ಲಿ ನೆನಪಾಗುತ್ತದೆ. ಮಗುವಿಗೆ ನಾಲ್ಕೂವರೆ ತಿಂಗಳು. ಮೂರು ಬಗೆಯ ಬಾಟಲಿಗಳನ್ನು ಕೊಂಡದ್ದಾಗಿತ್ತು, ಮೂರನ್ನೂ ಮಗು ತಿರಸ್ಕರಿಸಿತ್ತು. ಕೆಲಸ ಬಿಡುವುದೆಂದು ಆಕೆ ರಾಜೀನಾಮೆಯ ಪತ್ರವನ್ನೂ ಬರೆದಿಟ್ಟಿದ್ದಳು. ಮನೆಯ ಸಾಲದ ಕಂತು ಇಬ್ಬರ ಸಂಬಳದ ಮೇಲೆ ನಿಂತಿದ್ದುದರಿಂದ ಗಂಡ ಮಾತಿಲ್ಲದೆ ಕುಳಿತಿದ್ದ. ಹಾಸನದ ಕಡೆಯಿಂದ ಬಂದಿದ್ದ ಅತ್ತೆ, ಅದುವರೆಗೆ ಸುಮ್ಮನಿದ್ದವರು, ಸೆರಗಿನಲ್ಲಿ ಸುತ್ತಿ ತಂದಿದ್ದ ಬೆಳ್ಳಿಯ ಒಳಲೆಯೊಂದನ್ನು ನನ್ನ ಮೇಜಿನ ಮೇಲಿಟ್ಟು, “ಇವಳ ಗಂಡನೂ ಇದರಲ್ಲೇ ಕುಡಿದದ್ದು ಡಾಕ್ಟರಮ್ಮ. ಇವರು ನನ್ನ ಮಾತು ಕೇಳೋದಿಲ್ಲ,” ಎಂದರು.

ಒಳಲೆಗೆ ನನ್ನ ಒಪ್ಪಿಗೆಯಿತ್ತು, ಅವರ ಕ್ರಮಕ್ಕಿರಲಿಲ್ಲ. ಚಾಚಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ ಗಂಟಲಿಗೆ ಹಾಲು ಸುರಿಯುವುದು ಹಿಂದಿನವರ ರೂಢಿ. ಹಾಲು ಶ್ವಾಸನಾಳಕ್ಕೆ ಇಳಿದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲಿಟ್ಟು, ಹಾಲು ತುಟಿಗೆ ತಾಗುವಷ್ಟೇ ಓರೆ ಮಾಡಬೇಕು. ನುಂಗಿದ ಮೇಲೆಯೇ ಮುಂದಿನ ಗುಟುಕು. ಇದನ್ನು ಆ ಹಿರಿಯರು ಎರಡು ಸಲ ನೋಡಿ ಕಲಿತುಬಿಟ್ಟರು. “ನೀನು ಹೋಗಮ್ಮ, ನಾನಿದ್ದೀನಲ್ಲ,” ಎಂದು ಸೊಸೆಯನ್ನು ದಿನಕ್ಕೆ ಎರಡು ಹೊತ್ತು ಕೆಳಗಿನ ಬೀದಿಗೆ ಅಟ್ಟತೊಡಗಿದರು. ಮೊದಲ ಮೂರು ದಿನ ಕುಡಿದುದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಐದನೆಯ ದಿನ ಮಗು ಒಳಲೆಯನ್ನು ಕಂಡು ಬಾಯಿ ತೆರೆಯಿತು.

ಹಿಂಡಿಟ್ಟ ಹಾಲು ಕೆಡುತ್ತದೆಂಬ ಭಯ ಅಜ್ಜಿಯರಲ್ಲಿ ಬಲವಾಗಿದೆ. ಇದೇ ಮುಂಬಯಿಯ ಸಾಯನ್‌ನಲ್ಲಿರುವ ಲೋಕಮಾನ್ಯ ಟಿಳಕ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಎದೆಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದು. ತಾಯಂದಿರು ಹಿಂಡಿಕೊಟ್ಟ ಹಾಲು ಅಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬದುಕಿಸಿದೆ. ಮನೆಯಲ್ಲಿ ಪಾಲಿಸಬೇಕಾದುದು ಇಷ್ಟು. ಕೈತೊಳೆದು, ಕುದಿಸಿದ ಮುಚ್ಚಳದ ಪಾತ್ರೆಗೆ ಹಿಂಡಬೇಕು. ಹೊರಗೆ 25 ಡಿಗ್ರಿಯ ಉಷ್ಣತೆಯಲ್ಲಿ ನಾಲ್ಕು ಗಂಟೆ ಇಡಬಹುದು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಹಿಂಡಿದ ಕೂಡಲೇ ಫ್ರಿಜ್ಜಿಗೆ ಸೇರಿಸುವುದೇ ಕ್ಷೇಮ. ಫ್ರಿಜ್ಜಿನ ಬಾಗಿಲಲ್ಲಿಡದೆ ಒಳಗಿನ ತಣ್ಣನೆಯ ಭಾಗದಲ್ಲಿಟ್ಟು ಒಂದು ದಿನದೊಳಗೆ ಬಳಸಬೇಕು. ಮೇಲೆ ಕೆನೆ ನಿಂತರೆ ಒಡೆದಿದೆಯೆಂದು ಚೆಲ್ಲಬೇಡಿರಿ, ಮೆಲ್ಲನೆ ಅಲುಗಾಡಿಸಿದರೆ ಬೆರೆಯುತ್ತದೆ. ಕುಡಿಸುವಾಗ ಒಲೆಯ ಮೇಲಿಡದೆ ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಬೇಕು. ಮಗು ಬಾಯಿಟ್ಟು ಉಳಿಸಿದ ಹಾಲನ್ನು ಸಂಜೆಗೆಂದು ಎತ್ತಿಡಬಾರದು. ತಾಯಿಯೂ ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ ಹಿಂಡುತ್ತಿರಬೇಕು; ಇಲ್ಲವಾದರೆ ಎದೆ ಕಟ್ಟಿ ನೋಯುತ್ತದೆ, ಹಾಲೂ ಕುಗ್ಗುತ್ತದೆ.

ಎಷ್ಟು ಹಾಲು ಬೇಕು? ಒಂದರಿಂದ ಆರು ತಿಂಗಳ ನಡುವಿನ ಶಿಶು ದಿನವೊಂದಕ್ಕೆ ಸರಾಸರಿ 750 ಮಿಲಿಲೀಟರಿನಷ್ಟು ಎದೆಹಾಲು ಕುಡಿಯುತ್ತದೆ. ತಾಯಿ ಇಲ್ಲದ ಗಂಟೆಗೆ ಸುಮಾರು 30 ಮಿಲಿಲೀಟರ್ ಎಂದು ಹಿಡಿದರೆ ಸಾಕು. ನೆರೆಮನೆಯ ಡಬ್ಬಿಹಾಲಿನ ಮಗುವಿನೊಡನೆ ಹೋಲಿಸಿ ಗಾಬರಿಯಾಗುವುದು ಬೇಡ. ಹಗಲಿನಲ್ಲಿ ಅಲ್ಪವೇ ಕುಡಿದು, ತಾಯಿ ಬಂದ ಮೇಲೆ ರಾತ್ರಿಯಿಡೀ ಎದೆಗೆ ಅಂಟಿಕೊಳ್ಳುವ ಮಕ್ಕಳೂ ಉಂಟು. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಾ, ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಅಥವಾ ಎದೆಯನ್ನೂ ನಿರಾಕರಿಸಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಠಾಣೆಯ ಆ ಮಗು, ತಾಯಿ ಕಚೇರಿಗೆ ಹೋದ ಮೊದಲ ದಿನ ಹನ್ನೊಂದು ಗಂಟೆಗಳಲ್ಲಿ ಕುಡಿದದ್ದು 160 ಮಿಲಿಲೀಟರ್ ಮಾತ್ರ. ಅಜ್ಜಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೊತ್ತುಹೊತ್ತಿಗೂ ಬರೆದಿಟ್ಟಿದ್ದರು. ಆ ರಾತ್ರಿ ಮಗು ನಾಲ್ಕು ಸಲ ಎದ್ದಿತಂತೆ. ಎರಡು ವಾರಗಳಲ್ಲಿ ಹಗಲಿನ ಲೆಕ್ಕ 300ರ ಹತ್ತಿರಕ್ಕೆ ಬಂತು. ಆರು ತಿಂಗಳು ತುಂಬಿ ರಾಗಿಸರಿ ಆರಂಭವಾದ ಮೇಲೆ ಒಳಲೆಗೆ ಕೆಲಸ ಕಡಿಮೆಯಾಯಿತು. ಅಜ್ಜಿ ಊರಿಗೆ ಹೊರಡುವಾಗ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕಿರಿಯ ಮಗನ ಮನೆಗೆಂದು ಮತ್ತೆ ಪೆಟ್ಟಿಗೆಗೆ ಸೇರಿಸಿದರು.