ನಿಮಗಿದು ಗೊತ್ತೆ? ಮಗುವಿನ ಹೊಲ ಮಾರಲು ಅಪ್ಪನ ಸಹಿ ಸಾಲದು

ಶಿಗ್ಗಾವಿ ತಾಲ್ಲೂಕಿನ ದುಂಡಸಿಯಲ್ಲಿ ಹೊಲವೊಂದರ ಉತಾರದಲ್ಲಿ 18 ತುಂಬದ ಮಗುವಿನ ಹೆಸರಿದೆ ಎನ್ನಿ. ತಂದೆ-ತಾಯಿ ಒಪ್ಪಿದ ಮಾತ್ರಕ್ಕೆ ಅದನ್ನು ಮಾರುವಂತಿಲ್ಲ!

* 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನ ಪ್ರಕಾರ, ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ದಾನ ಕೊಡಲು ನ್ಯಾಯಾಲಯದ ಪೂರ್ವಾನುಮತಿ ಬೇಕು. 5 ವರ್ಷ ಮೀರಿದ ಲಾವಣಿಗೂ ಇದೇ ನಿಯಮ.

* ಅನಿವಾರ್ಯ ಅಗತ್ಯ ಅಥವಾ ಮಗುವಿಗೆ ಸ್ಪಷ್ಟ ಲಾಭ ಇದ್ದರಷ್ಟೇ ಅನುಮತಿ ಸಿಗುತ್ತದೆ.

* ಅನುಮತಿಯಿಲ್ಲದೆ ಮಾರಿದ್ದರೆ, 18 ತುಂಬಿದ ಮೇಲೆ 3 ವರ್ಷದೊಳಗೆ ಮಗ ಅಥವಾ ಮಗಳು ಆ ಖರೀದಿಯನ್ನು ತಿರಸ್ಕರಿಸಬಹುದು.

* ಅದಕ್ಕೆ ದಾವೆ ಹೂಡಲೇಬೇಕೆಂದಿಲ್ಲ. ದಾವಣಗೆರೆಯ ಶಾಮನೂರಿನಲ್ಲಿ 1971ರಲ್ಲಿ ಮಕ್ಕಳ ಹೆಸರಿಗೆ ಕೊಂಡ ನಿವೇಶನವನ್ನು ತಂದೆ ಅನುಮತಿ ಪಡೆಯದೆ ಮಾರಿದ್ದರು. ಪ್ರಾಯಕ್ಕೆ ಬಂದ ಮಕ್ಕಳು ಅದನ್ನೇ ಬೇರೊಬ್ಬರಿಗೆ ಮಾರಿದರು. ಆ ನಡೆಯೇ ತಿರಸ್ಕಾರಕ್ಕೆ ಸಾಕು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

* ಒಟ್ಟು ಕುಟುಂಬದ ಅವಿಭಕ್ತ ಆಸ್ತಿಯಲ್ಲಿನ ಮಗುವಿನ ಪಾಲಿಗೆ ಈ ಕಲಮು ಅನ್ವಯಿಸದು.

* ಮಕ್ಕಳಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಹೊಲ ಕೊಳ್ಳುವವರೇ, ಉತಾರದಲ್ಲಿ ಮಗುವಿನ ಹೆಸರು ಕಂಡರೆ ನ್ಯಾಯಾಲಯದ ಅನುಮತಿ ಪತ್ರ ನೋಡದೆ ಸಂಚಕಾರ ಕೊಡಬೇಡಿ.